ಒಟಾಕರನ ಎದೆನೋವು

ತೊಂದರೆಯೆಲ್ಲ ಶುರುವಾದದ್ದು ಮೂರನೆಯ ಲೋಟ ಕಾಫಿಯಿಂದ. ಆಸ್ಟ್ರಿಯಾದ ಸಾಲ್ಸ್‌ಬರ್ಗಿನ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಜೊತೆ ಕಾಫಿ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಏಳುವುದು ಒಟಾಕರನ ಜಾಯಮಾನದಲ್ಲೇ ಇರಲಿಲ್ಲ.

ಒಟಾಕರ ನಿವೃತ್ತ ರೈಲ್ವೆ ಗಾರ್ಡ್. ಚೆಕ್ ದೇಶದ ಬ್ರನೋ ಊರಿನಿಂದ ಇಟಲಿಗೆ ಹೊರಟಿದ್ದ ಪ್ರವಾಸದ ಬಸ್ಸಿನಲ್ಲಿ ಒಂಟಿಯಾಗಿ ಬಂದಿದ್ದ. ಆ ದಿನ ಬಸ್ಸು ಹೊರಡುವಾಗಲೇ ಡ್ರೈವರ್ ಲುಬೋಶ್ ಮೈಕ್ ಹಿಡಿದು ಗುಡುಗಿದ.

"ನೋಡ್ರೀ, ಲಾರಿಗಳು ಸಾಲುಗಟ್ಟೋದ್ರೊಳಗೆ ಸುರಂಗ ದಾಟ್ಬೇಕು. ಇಲ್ಲಾಂದ್ರೆ ಸಂಜೆವರೆಗೂ ಅಲ್ಲೇ ಬಿದ್ದಿರ್ತೀವಿ. ನಡುವೆ ನಿಲ್ಸಿ ಅಂತ ಯಾರೂ ಕೇಳ್ಬೇಡಿ. ಬಸ್ಸಿನ ಟಾಯ್ಲೆಟ್ ಕೆಟ್ಟೋಗಿದೆ."

ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನ ದಿನ ಒಬ್ಬ ಅಜ್ಜಿ ಬಸ್ಸನ್ನು ದಾರಿಯಲ್ಲಿ ನಿಲ್ಲಿಸಿದಾಗ ಒಟಾಕರನೇ ಎದ್ದು ನಿಂತು, "ನನ್ನ ಸರ್ವಿಸ್‌ನಲ್ಲಿ ಇಂಥದ್ದಕ್ಕೆಲ್ಲ ಒಂದೇ ಒಂದು ರೈಲು ನಿಂತಿಲ್ಲ. ಮನುಷ್ಯಂಗೆ ಶಿಸ್ತು ಬೇಕು, ಶಿಸ್ತು!" ಎಂದು ಭಾಷಣ ಬಿಗಿದಿದ್ದ. ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು.

ಬಸ್ಸು ಬೆಟ್ಟ ಹತ್ತತೊಡಗಿದ ಮೇಲೆ ಮೂರನೆಯ ಲೋಟ ಕೆಲಸಕ್ಕಿಳಿಯಿತು. ಒಟಾಕರ ಕಾಲ ಮೇಲೆ ಕಾಲು ಹಾಕಿದ. ಇಳಿಸಿದ. ಬೆಲ್ಟನ್ನು ಸಡಿಲಿಸಿದ. ಅಷ್ಟರಲ್ಲಿ ಗೈಡ್ ರಾದ್ಕಾ, "ಎಡಗಡೆ ನೋಡಿ, ಜಲಪಾತ ಎಷ್ಟು ಚೆನ್ನಾಗಿ ಧುಮುಕ್ತಿದೆ!" ಎಂದಳು. ಒಟಾಕರ ತಟ್ಟನೆ ಬಲಗಡೆ ತಿರುಗಿದ. ಅಲ್ಲಿ ಹೊಳೆ ಹರಿಯುತ್ತಿತ್ತು.

ಪಕ್ಕದ ಸೀಟಿನ ಮಿಲಾಡಾ ಅವನನ್ನೇ ಗಮನಿಸುತ್ತಿದ್ದಳು. ಊರಿನವರ ಕಾಯಿಲೆಗಳನ್ನೆಲ್ಲ ತನ್ನವೇ ಎಂಬಂತೆ ಹಚ್ಚಿಕೊಳ್ಳುವ ಹೆಂಗಸು ಆಕೆ.

"ಯಾಕ್ರೀ ಒಟಾಕರ್ ಅವ್ರೇ, ಮುಖ ಬಿಳಿಚ್ಕೊಂಡಿದೆ?"

"ಏನಿಲ್ಲ."

"ಏನಿಲ್ದೆ ಹಿಂಗೆ ಬೆವರ್ತಾರಾ? ಎದೆನೋವಾ?"

ಒಟಾಕರನ ತಲೆಯಲ್ಲಿ ಮಿಂಚು ಹೊಳೆದಂತಾಯಿತು. ಎದೆನೋವಿಗೆ ಎಂಥ ಡ್ರೈವರ್ ಆದರೂ ಬಸ್ಸು ನಿಲ್ಲಿಸಲೇಬೇಕು. ಅದರಲ್ಲಿ ಮರ್ಯಾದೆಯೂ ಉಂಟು. "ಹೂಂ... ಸ್ವಲ್ಪ" ಎಂದು ನರಳಿದ.

ಮಿಲಾಡಾಳ ಕೂಗಿಗೆ ಇಡೀ ಬಸ್ಸು ಅವನ ಮೇಲೆ ಬಗ್ಗಿತು. ಪಶುವೈದ್ಯ ವೋಯ್ತೆಖ್ ಜನರನ್ನು ಸರಿಸಿಕೊಂಡು ಬಂದು ನಾಡಿ ಹಿಡಿದ.

"ಕುದುರೆ ಥರ ಓಡ್ತಿದೆ. ಮೊದ್ಲು ನೀರು ಕುಡಿಸಿ."

"ಬೇಡ! ನೀರು ಬೇಡ!"

"ನೀರು ಕಂಡ್ರೆ ಹೆದರ್ತಾರೆ. ಇದು ಒಳ್ಳೇ ಲಕ್ಷಣ ಅಲ್ಲ" ಎಂದು ವೋಯ್ತೆಖ್ ತಲೆಯಾಡಿಸಿದ.

ಒಬ್ಬರು ನೀರು ಕುಡಿಸಿದರು. ಮಿಲಾಡಾ ಫ್ಲಾಸ್ಕಿನಿಂದ ಹೂವಿನ ಕಷಾಯ ಸುರಿದಳು. ಇನ್ಯಾರೋ ಸೌತೆಕಾಯಿ ಉಪ್ಪಿನಕಾಯಿಯ ಹುಳಿನೀರು ಎದೆಗೆ ಒಳ್ಳೆಯದೆಂದು ಬಾಟಲಿಯನ್ನೇ ಬಾಯಿಗಿಟ್ಟರು. ಒಟಾಕರನ ಹೊಟ್ಟೆ ಮಳೆಗಾಲದ ಕೆರೆಯಾಯಿತು. ಏರಿ ಒಡೆಯುವುದೊಂದೇ ಬಾಕಿ.

"ನಿಲ್ಸ್ರಪ್ಪಾ!" ಎಂದು ಚೀರಿದ.

ಲುಬೋಶ್ ಗಾಬರಿಯಿಂದ ಒಂದು ಪೆಟ್ರೋಲ್ ಬಂಕಿನೊಳಗೆ ಬಸ್ಸು ತಿರುಗಿಸಿದ. ರಾದ್ಕಾ ಆಂಬುಲೆನ್ಸಿಗೆ ಫೋನ್ ಮಾಡಿದಳು. ಒಟಾಕರ ಏಳಲು ಹೋದರೆ ವೋಯ್ತೆಖ್ ಅವನನ್ನು ಹಿಂದಿನ ಉದ್ದ ಸೀಟಿಗೆ ಒತ್ತಿ ಮಲಗಿಸಿ, "ಅಲ್ಲಾಡಿದ್ರೆ ಜೀವಕ್ಕೇ ಅಪಾಯ" ಎಂದ.

"ಎಲ್ರೂ ಇಳೀರಿ, ಪಾಪ, ಗಾಳಿ ಆಡ್ಲಿ!" ಎಂದಳು ಮಿಲಾಡಾ. ಕಣ್ಣು ಮಿಟುಕಿಸುವಷ್ಟರಲ್ಲಿ ಬಸ್ಸು ಖಾಲಿ. ವೋಯ್ತೆಖ್ ಕೂಡ, "ಒಂದ್ನಿಮಿಷ, ಬಂದೆ" ಎಂದು ಜಾರಿಕೊಂಡ.

ಎಂಥ ಅಂತಃಕರಣದ ಜನ ಎಂದು ಒಟಾಕರನ ಕಣ್ಣು ತುಂಬಿತು. ಈಗ ಅವನಲ್ಲಿ ತುಂಬದ ಜಾಗವೇ ಇರಲಿಲ್ಲ. ಮೆಲ್ಲನೆ ಎದ್ದು, ಗೋಡೆ ಹಿಡಿದ ಹಲ್ಲಿಯಂತೆ ಬಸ್ಸಿನ ಪಕ್ಕಕ್ಕೆ ಅಂಟಿಕೊಂಡು ಬಂಕಿನ ಹಿಂಬದಿಗೆ ಹೋದ.

ಅಲ್ಲಿ ಇದ್ದದ್ದು ಒಂದೇ ಟಾಯ್ಲೆಟ್. ಅದರ ಮುಂದೆ ಇಡೀ ಬಸ್ಸು ಸಾಲಾಗಿ ನಿಂತಿತ್ತು. ಮುಂದುಗಡೆ ವೋಯ್ತೆಖ್, ಅವನ ಹಿಂದೆ ಡ್ರೈವರ್ ಲುಬೋಶ್. ಎಲ್ಲರೂ ಒಂದೇ ತಾಳಕ್ಕೆ ಕಾಲು ಬದಲಿಸುತ್ತಿದ್ದರು.

"ಅಯ್ಯೋ, ಯಾಕ್ರೀ ಎದ್ದು ಬಂದ್ರಿ?" ಎಂದ ಮಿಲಾಡಾ ದನಿ ತಗ್ಗಿಸಿದಳು. "ನಿಜ ಹೇಳ್ಬೇಕಂದ್ರೆ ನಿಮ್ಮ ಎದೆನೋವು ದೇವ್ರೇ ಕಳಿಸಿದ್ದು. ನಿಮ್ಮ ಶಿಸ್ತಿಗೆ ಹೆದ್ರಿ ಬೆಳಗ್ಗಿಂದ ಎಲ್ರೂ ಹಲ್ಲು ಕಚ್ಕೊಂಡು ಕೂತಿದ್ವಿ!"

"ನಂದು ಎದೆನೋವಲ್ಲ ಕಣ್ರೀ! ನಂದೂ ಇದೇ!" ಒಟಾಕರ ಅಳುವಂತೆ ಕೂಗಿದ.

ಕೇಳಿದ್ದೇ ತಡ, ಸಾಲಿಗೆ ಸಾಲೇ ನಕ್ಕಿತು. ನಗುವುದೂ ಅಪಾಯವೆಂದು ಗೊತ್ತಾಗಿ ತಕ್ಷಣ ನಿಲ್ಲಿಸಿತು. ಆದರೂ ಒಳ್ಳೆಯ ಮಂದಿ. "ಅವ್ರು ಮೊದ್ಲು ಹೋಗ್ಲಿ ಬಿಡಿ" ಎಂದು ದಾರಿ ಬಿಟ್ಟರು. ವೋಯ್ತೆಖ್ ಕೂಡ ಹಲ್ಲು ಕಡಿಯುತ್ತ ಪಕ್ಕಕ್ಕೆ ಸರಿದ. ಒಟಾಕರ ಬಾಗಿಲ ಹಿಡಿಗೆ ಕೈ ಹಾಕಿದ. ಒಳಗಿನಿಂದ ಚಿಲಕ ಹಾಕಿತ್ತು.

"ರಾದ್ಕಾ ಇದಾಳೆ. ಈಗ ಬರ್ತಾಳೆ" ಎಂದ ಲುಬೋಶ್.

ಅದಕ್ಕೆ ಮೊದಲೇ ಆಂಬುಲೆನ್ಸ್ ಬಂತು. ಇಬ್ಬರು ದಾಂಡಿಗರು ಇಳಿದು ಜರ್ಮನ್ ಭಾಷೆಯಲ್ಲಿ ಏನೋ ಕೇಳಿದರು. ಎದುರಿಗೆ ಬೆವರಿ, ನಡುಗಿ, ಬಾಗಿಲಿಗೆ ಜೋತುಬಿದ್ದು ನಿಂತವನನ್ನು ಕಂಡ ಮೇಲೆ ಉತ್ತರವೂ ಬೇಕಾಗಲಿಲ್ಲ. ಅವನನ್ನು ಎತ್ತಿ ಸ್ಟ್ರೆಚರ್ ಮೇಲೆ ಮಲಗಿಸಿ ಬೆಲ್ಟು ಬಿಗಿದರು.

"ನಂಗೇನೂ ಆಗಿಲ್ಲ! ಟಾಯ್ಲೆಟ್! ಟಾಯ್ಲೆಟ್!" ಒಟಾಕರ ಅರಚಿದ.

ಇಡೀ ಬಸ್ಸಿನಲ್ಲಿ ಜರ್ಮನ್ ಬಲ್ಲವಳು ರಾದ್ಕಾ ಒಬ್ಬಳೇ. ದಾಂಡಿಗರಿಗೆ 'ಟಾಯ್ಲೆಟ್' ಎಂಬ ಮಾತೇನೋ ಅರ್ಥವಾಯಿತು. ಬಾಗಿಲ ಮುಂದಿನ ಉದ್ದ ಸಾಲನ್ನು ನೋಡಿ, ಇವನು ಅಷ್ಟು ಜನರ ಪರವಾಗಿ ಕೂಗುತ್ತಿದ್ದಾನೆಂದುಕೊಂಡು ಮೆಚ್ಚುಗೆಯಿಂದ ಅವನ ಕೆನ್ನೆ ತಟ್ಟಿದರು.

ಚಿಲಕ ಸರಿದು ರಾದ್ಕಾ ಹೊರಬಂದಾಗ ಆಂಬುಲೆನ್ಸ್ ರಸ್ತೆಗೆ ಇಳಿದಾಗಿತ್ತು. ಒಳಗೆ ಒಬ್ಬ ದಾಂಡಿಗ ಒಟಾಕರನ ತೋಳಿಗೆ ಸೂಜಿ ಚುಚ್ಚಿ, ತಲೆಯ ಮೇಲೆ ಲೀಟರಿನ ಸಲೈನ್ ಬಾಟಲಿ ತೂಗುಹಾಕಿ, ಹನಿಗಳು ಸರಿಯಾಗಿ ಇಳಿಯುತ್ತಿವೆಯೇ ಎಂದು ತಾಯಿಯ ಅಕ್ಕರೆಯಿಂದ ನೋಡುತ್ತಿದ್ದ.