ಮರದ ಬೀರು ದೋಣಿಯಾದ ಪ್ರಸಂಗ

ಹೇಮಚಂದ್ರನ ಕಷ್ಟಕ್ಕೆಲ್ಲ ಮೂಲ ಒಂದು ತಲೆಯಾಟ. ವಿಡಿಯೋ ಮೀಟಿಂಗಿನಲ್ಲಿ ಮ್ಯಾನೇಜರ್ ಜೂಲಿಯಾನಾ, ಇಟಲಿಯ ಸಿನಿಮಾ ನಿಮಗೆ ಇಷ್ಟವೇ ಎಂದು ಕೇಳಿದ್ದಳು. ಇಟಲಿಯದೆಂದು ಅವನು ಕಂಡದ್ದು ಪೀಟ್ಜಾ ಒಂದನ್ನೇ. ಹೌದು ಎನ್ನಲಾರದೆ, ಇಲ್ಲ ಎನ್ನಲಾರದೆ, ನಮ್ಮವರೆಲ್ಲ ಮಾಡುವಂತೆ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಿದ. ಇಟಲಿಯವಳಾದ ಆಕೆ ಅದನ್ನು ‘ಪ್ರಾಣಕ್ಕಿಂತ ಇಷ್ಟ’ ಎಂದು ಅರ್ಥ ಮಾಡಿಕೊಂಡಳು.

ಸುದ್ದಿ ಆಫೀಸಿಗೆಲ್ಲ ಹಬ್ಬಿತು. ಹೇಮಚಂದ್ರ ತಿದ್ದಲು ಹೋಗಲಿಲ್ಲ. ಟೀಮ್ ಲೀಡ್ ಕೆಲಸ ಖಾಲಿ ಬಿದ್ದಿತ್ತು. ಅದರ ಮೇಲೆ ಅವನೂ ಕಣ್ಣಿಟ್ಟಿದ್ದ, ಮೈಸೂರಿನ ರಜತನೂ ಕಣ್ಣಿಟ್ಟಿದ್ದ. ಹೀಗಿರುವಾಗ ತಾನಾಗಿ ಬಂದ ಕೀರ್ತಿಯನ್ನು ಯಾರು ತಾನೇ ಬೇಡ ಎನ್ನುತ್ತಾರೆ?

ಅಷ್ಟರಲ್ಲಿ ಕೊರೋನಾ ಸ್ವಲ್ಪ ಸಡಿಲಗೊಂಡು ಡಬ್ಲಿನ್ನಿನ ಥಿಯೇಟರುಗಳು ತೆರೆದವು. ಇಟಲಿಯ ಹಳೆಯ ಹೊಸ ಸಿನಿಮಾಗಳ ಹಬ್ಬವೊಂದು ಶುರುವಾಯಿತು. ಶನಿವಾರ ಮಧ್ಯಾಹ್ನ ಒಂದು ಹಳೆಯ ಸಿನಿಮಾಕ್ಕೆ ಇಡೀ ಟೀಮು ಬರಬೇಕೆಂದು ಜೂಲಿಯಾನಾ ಟಿಕೆಟ್ ಕಳಿಸಿದಳು. ಲೀಡ್ ಯಾರೆಂದು ಅವತ್ತೇ ಹೇಳುತ್ತೇನೆ ಎಂದೂ ಬರೆದಿದ್ದಳು.

ಹೇಮಚಂದ್ರ ಪೇಚಿಗೆ ಬಿದ್ದ. ಅವನು ಐರ್ಲೆಂಡಿಗೆ ಬಂದ ವಾರದಲ್ಲೇ ಲಾಕ್‌ಡೌನ್ ಆಗಿತ್ತು. ಇಲ್ಲಿನ ಥಿಯೇಟರಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಡಬ್ಲಿನ್ನಿನ ಅಂಚಿನಲ್ಲಿ ಅವನಿದ್ದ ಲೂಕನ್ನಿನಲ್ಲಿ ಪಕ್ಕದ ಮನೆಯ ವಿನೋದಿನಿಯಕ್ಕ ಬೀದಿಗೆಲ್ಲ ಸಲಹೆ ಕೊಡುವ ಹೆಂಗಸು. ಬೇಲಿಯಾಚೆಯಿಂದಲೇ ಅವನಿಗೂ ಕೊಟ್ಟರು.

"ನೋಡಿ, ಇಲ್ಲಿ ಇಂಟರ್ವೆಲ್ ಅನ್ನೋದೇ ಇಲ್ಲ. ಲೈಟ್ ಬಂತು ಅಂದ್ರೆ ಪಿಕ್ಚರ್ ಮುಗೀತು ಅಂತ ಲೆಕ್ಕ. ಆಮೇಲೂ ಕೂತಿದ್ರೆ ಕಸ ಗುಡಿಸೋರು ಬಂದು ಎಬ್ಬಿಸ್ತಾರೆ, ಮರ್ಯಾದೆ ಹೋಗತ್ತೆ."

ಲಸಿಕೆಯ ಸರ್ಟಿಫಿಕೇಟು ತೋರಿಸಿ, ಮಾಸ್ಕ್ ಏರಿಸಿಕೊಂಡು ಹೇಮಚಂದ್ರ ಒಳಗೆ ಹೋದ. ನಡುವೆ ಕುರ್ಚಿಗಳನ್ನು ಖಾಲಿ ಬಿಟ್ಟು ಎಲ್ಲರನ್ನೂ ಚದುರಿಸಿ ಕೂರಿಸಿದ್ದರು. ಕಪ್ಪುಬಿಳುಪಿನ ಪರದೆಯ ಮೇಲೆ ಬಡವನೊಬ್ಬ ದೊಡ್ಡದೊಂದು ಮರದ ಬೀರುವನ್ನು ಬೆನ್ನ ಮೇಲೆ ಹೊತ್ತು ಬೆಟ್ಟದೂರಿನ ಬೀದಿ ಹತ್ತುತ್ತಿದ್ದ. ಹತ್ತಿದ, ಹತ್ತಿದ, ಹತ್ತುತ್ತಲೇ ಇದ್ದ. ಕೊನೆಗೆ ಬೀರುವನ್ನು ಬೀದಿ ನಡುವೆ ಇಳಿಸಿ ಬೆವರು ಒರೆಸಿಕೊಂಡ. ಲೈಟು ಹತ್ತಿಕೊಂಡಿತು.

ಮುಗೀತಲ್ಲ ಎಂದು ಹೇಮಚಂದ್ರ ಧಡಕ್ಕನೆ ಎದ್ದ. ಜೂಲಿಯಾನಾ ಎದುರು ಸಿಕ್ಕಿ ಪ್ರಶ್ನೆ ಕೇಳುವುದಕ್ಕೆ ಮೊದಲೇ ಬಸ್‌ಸ್ಟಾಪ್ ಸೇರಿ, ಅಲ್ಲಿಂದ ಅವಳಿಗೊಂದು ಮೆಸೇಜು ಹಾಕಿದ. ‘ಬೀರುವನ್ನು ಬೀದಿಯಲ್ಲೇ ಬಿಟ್ಟು ಮುಗಿಸಿದ್ದು ಅದ್ಭುತ. ಅತ್ತುಬಿಟ್ಟೆ.’ ಆ ಕಡೆಯಿಂದ ತಕ್ಷಣ ಒಂದು ಹೆಬ್ಬೆರಳು ಬಂತು. ಲೀಡ್ ಆದಷ್ಟೇ ಖುಷಿಯಾಯಿತು. ಅಷ್ಟರಲ್ಲಿ ರಜತನ ಫೋನು.

"ಎಲ್ಲಿದ್ದೀಯೋ? ಇಂಟರ್ವೆಲ್ ಮುಗೀತಾ ಬಂತು."

"ಇಲ್ಲಿ ಇಂಟರ್ವೆಲ್ ಇರಲ್ವಲ್ಲೋ?"

ಇಟಲಿಯಲ್ಲಿ ನಮ್ಮ ಹಾಗೇ ಅರ್ಧಕ್ಕೆ ನಿಲ್ಲಿಸುವ ಪದ್ಧತಿಯಂತೆ, ಹಬ್ಬದವರು ಅದನ್ನೇ ಪಾಲಿಸಿದ್ದಾರಂತೆ ಎಂದ ರಜತ್. ಹುಟ್ಟಿದಾಗಿನಿಂದ ಇಂಟರ್ವೆಲ್ಲಿನಲ್ಲಿ ಪಾಪ್‌ಕಾರ್ನ್ ತಿಂದು ಬೆಳೆದ ಹೇಮಚಂದ್ರ, ಕಣ್ಣೆದುರು ಬಂದ ಇಂಟರ್ವೆಲ್ಲನ್ನೇ ಗುರುತಿಸದೆ ಹೋಗಿದ್ದ. ಹಾಗಾದರೆ ಅವಳು ಹೆಬ್ಬೆರಳು ತೋರಿಸಿದ್ದು ಯಾಕೆ? ಯೋಚಿಸಲು ಪುರುಸೊತ್ತಿರಲಿಲ್ಲ. ಓಡಿದ.

ಒಳಗೆ ಅಕ್ಕಪಕ್ಕದಲ್ಲಿ ಎರಡು ಬಾಗಿಲು, ಎರಡರ ಮೇಲೂ ಇಟಲಿಯ ಬಾವುಟ. ಒಂದಕ್ಕೆ ನುಗ್ಗಿ ಕತ್ತಲಲ್ಲಿ ಸಿಕ್ಕಿದ ಕುರ್ಚಿಯಲ್ಲಿ ಕುಸಿದ. ಪರದೆ ನೋಡಿ ಬಾಯಿ ತೆರೆದ. ಸಿನಿಮಾ ಬಣ್ಣಕ್ಕೆ ತಿರುಗಿತ್ತು. ಬೆಟ್ಟವೆಲ್ಲ ಮಾಯವಾಗಿ ಸಮುದ್ರ ಬಂದಿತ್ತು. ಅಕ್ಕತಂಗಿಯರಿಬ್ಬರು ಒಂದು ದೋಣಿಗಾಗಿ ಕಿತ್ತಾಡುತ್ತಿದ್ದರು. ನಡುನಡುವೆ ಮೊಬೈಲಿನಲ್ಲೂ ಮಾತಾಡುತ್ತಿದ್ದರು.

ಬೀರು ಎಲ್ಲಿ ಹೋಯಿತು? ಬಡವ ಎಲ್ಲಿ ಹೋದ? ಅವನ ತಲೆ ಕಲಸಿದ ಚಿತ್ರಾನ್ನವಾಯಿತು. ಆದರೂ ಅವನು ಹದಿನಾರು ಜನರ ಹಾಳು ಕೋಡನ್ನು ಓದಿ ಅರ್ಥ ಹಚ್ಚಿದ ಇಂಜಿನಿಯರು. ಬಹಳ ಹೊತ್ತು ತಿಣುಕಿ ಇದಕ್ಕೂ ಒಂದು ಅರ್ಥ ಹಚ್ಚಿದ. ಬಡತನ ಕಪ್ಪುಬಿಳುಪು, ಸಿರಿತನ ಬಣ್ಣ. ಇವರು ಆ ಬಡವನ ಮೊಮ್ಮಕ್ಕಳು. ದೋಣಿ ಮಾಡಿದ್ದು ಅದೇ ಬೀರುವಿನ ಹಲಗೆಯಿಂದ! ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಸಿನಿಮಾ ಮುಗಿದು ಹೊರಗೆ ಬಂದರೆ ಲಾಬಿಯಲ್ಲಿ ಜೂಲಿಯಾನಾ ಮತ್ತು ರಜತ್ ನಿಂತಿದ್ದರು. ಅವಳ ಕೋಟಿನಿಂದ ಸಣ್ಣಗೆ ವಿನೆಗರ್ ವಾಸನೆ ಬರುತ್ತಿತ್ತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಹೇಮಚಂದ್ರ ಇರಲಿಲ್ಲ. ಕೇಳುವ ಮೊದಲೇ ಬಣ್ಣ, ಸಮುದ್ರ, ಬೀರುವಿನ ಹಲಗೆಯ ದೋಣಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವರ್ಣಿಸಿದ. ಜೂಲಿಯಾನಾ ಮಾಸ್ಕಿನ ಮೇಲೆ ಕಣ್ಣರಳಿಸಿ, ಆ ದೋಣಿ ನೋಡಿ ತನಗೂ ಅಳು ಬಂತು ಎಂದಳು.

ರಜತ್ ಇಬ್ಬರನ್ನೂ ಮಿಕಮಿಕ ನೋಡಿದ. "ನಾನ್ ಯಾವ ದೋಣೀನೂ ನೋಡ್ಲಿಲ್ಲಪ್ಪ. ಮನೆ ಬಾಗಿಲಲ್ಲಿ ಬೀರು ಒಳಗೇ ಹೋಗ್ಲಿಲ್ಲ, ಆವಯ್ಯ ಬೀದೀಲೇ ಅದರ ಪಕ್ಕ ಮಲಕ್ಕೊಂಡ. ಆಮೇಲೆ ನಾನೂ ಸ್ವಲ್ಪ ಮಲಕ್ಕೊಂಡೆ" ಎಂದು, ಅದನ್ನೇ ಇಂಗ್ಲಿಷಿನಲ್ಲಿ ಜೂಲಿಯಾನಾಗೂ ಹೇಳಿದ. ಅವಳು ಹೇಮಚಂದ್ರನನ್ನು ಬಸ್‌ಸ್ಟಾಪಿನವರೆಗೆ ತಾನೇ ಬಿಡುತ್ತೇನೆಂದು ಕರೆದುಕೊಂಡು ಹೊರಟಳು.

ಕೆಲಸ ತನ್ನದೇ ಎಂದುಕೊಂಡ ಹೇಮಚಂದ್ರ. ಅವಳು ಮಾಸ್ಕ್ ಇಳಿಸಿದಳು. ತಾನು ಇಟಲಿಯವಳೆಂದು ಎಲ್ಲರೂ ಇಂಥ ಸಿನಿಮಾಕ್ಕೆ ತನ್ನನ್ನೇ ಮುಂದೆ ದೂಡುತ್ತಾರೆ, ತನಗೋ ಕೂತಲ್ಲೇ ನಿದ್ದೆ, ಇಂಟರ್ವೆಲ್ ಆಗುತ್ತಲೇ ಎದುರಿನ ಅಂಗಡಿಗೆ ಓಡಿ ವಿನೆಗರ್ ಸುರಿದ ಮೀನು ಚಿಪ್ಸ್ ತಿನ್ನುತ್ತಿದ್ದೆ ಎಂದಳು. ಅವನ ಮೆಸೇಜಿಗೆ ಹೆಬ್ಬೆರಳು ಒತ್ತಿದ್ದೂ ಅಲ್ಲಿಂದಲೇ.

"ನೀವು ದೋಣಿ ಇತ್ತು ಅಂದ್ರಿ, ನಾನೂ ಇತ್ತು ಅಂದೆ. ನಿಮ್ಮನ್ನ ಲೀಡ್ ಮಾಡಿದ್ರೆ ನಾವಿಬ್ಬರೂ ಸೇರಿ ಕಂಪನೀನ ಆ ದೋಣಿಗೇ ಹತ್ತಿಸಿಬಿಡ್ತೀವಿ. ನಿದ್ದೆ ಬಂತು ಅಂತ ಹೇಳೋ ಒಬ್ಬನಾದ್ರೂ ನಂಗೆ ಬೇಕು. ಲೀಡ್ ರಜತ್."

ಹೇಮಚಂದ್ರನ ಮುಖ ಇಳಿದುಹೋಯಿತು. ಅವಳಿಗೆ ಅಯ್ಯೋ ಅನ್ನಿಸಿರಬೇಕು. ಹಬ್ಬದ ಉಳಿದೆಲ್ಲ ಸಿನಿಮಾಗಳಿಗೂ ಕಂಪನಿಯ ಹೆಸರಲ್ಲಿ ಒಂದು ಪಾಸ್ ಇದೆ, ಇಷ್ಟು ದಿನ ಆ ಹೊರೆ ತನ್ನದಾಗಿತ್ತು, ಇನ್ನು ಮೇಲೆ ಅವನದು ಎಂದು ಅದನ್ನು ಅವನ ಜೇಬಿಗೆ ತುರುಕಿದಳು. ಪ್ರತಿ ಸೋಮವಾರ ಟೀಮಿಗೆ ಕತೆ ಹೇಳಬೇಕಂತೆ, ಕೊನೆಯ ತನಕ.

ಹೇಮಚಂದ್ರ ಒಂದೇ ಒಂದು ಪ್ರಶ್ನೆ ಕೇಳಿದ.

"ಅವಕ್ಕೆಲ್ಲ ಇಂಟರ್ವೆಲ್ ಇರತ್ತಾ?"

"ಇಲ್ಲ. ಅರ್ಧಕ್ಕೇ ಜನ ಓಡಿಹೋಗ್ತಾರೆ ಅಂತ ನಾಳೆಯಿಂದ ತೆಗೆದುಬಿಡ್ತಾರಂತೆ."