ನಾಲ್ಕು ವರ್ಷ ಬದುಕಿದ ಕಾರು ಕಂಪನಿಯೂ ನನ್ನ ಸಿಟ್ಟೂ

ನನಗೆ ಸಿಟ್ಟು ಜಾಸ್ತಿ ಎಂದು ಈ ಕೊಲ್ಲಿ ದೇಶದ ಮಾಹೂಝ್‌ನ ನಮ್ಮ ಫ್ಲಾಟಿನಿಂದ ಹಿಡಿದು ಊರಿನ ಅತ್ತೆ ಮನೆಯವರೆಗೆ ಎಲ್ಲರೂ ಹೇಳುತ್ತಾರೆ. ಸಿಟ್ಟು ಬರಿಸುವವರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಬುದಯ್ಯದಲ್ಲಿ ನಮ್ಮ ಅರಬಾಬ್, ಅಂದರೆ ನಮ್ಮ ಯಜಮಾನರು, ತೋಟದ ಷೆಡ್ಡಿನಲ್ಲಿ ಹಳೆ ಕಾರುಗಳನ್ನು ಕೂಡಿಟ್ಟಿದ್ದಾರೆ. ನಾನು ಹದಿನೆಂಟು ವರ್ಷದಿಂದ ಅವರ ಸೆಕ್ರೆಟರಿ. ಅಮೆರಿಕದಿಂದ ಆ ಒಂದು ಕಾರು ಬಂದಿಳಿದ ಮೇಲೆ, ಸಿಟ್ಟಿಗೆ ಕಾರಣ ಹುಡುಕಿಕೊಂಡು ಹೋಗುವ ಅಗತ್ಯವೇ ನನಗೆ ಬಿದ್ದಿಲ್ಲ.

ಹತ್ತು ಸಾಲು

ಕಾರು ನೂರು ವರ್ಷಕ್ಕೂ ಹಳೆಯದು. ಪಕ್ಕದಲ್ಲಿ ಬೋರ್ಡು ಹಾಕಲಿಕ್ಕೆ ಕಂಪನಿಯ ಇತಿಹಾಸ ಹತ್ತು ಸಾಲು ಬರೆದುಕೊಡು ಎಂದರು ಅರಬಾಬ್. ಕಾರು ಹುಟ್ಟಿದ ಆ ಸಣ್ಣ ಊರಿನ ಲೈಬ್ರರಿಗೆ ಪತ್ರ ಬರೆದೆ. ಅಲ್ಲಿನ ಹೆಂಗಸು ಪಾಪ, ಹಳೆ ಪತ್ರಿಕೆಗಳ ರಾಶಿಯನ್ನೇ ಸ್ಕ್ಯಾನ್ ಮಾಡಿ ಕಳಿಸಿದಳು. ಮೂರು ತಿಂಗಳು ಕಣ್ಣು ಕೆಡಿಸಿಕೊಂಡು ಓದಿ ಬರೆದೆ: ಕುದುರೆಗಾಡಿ ಮಾಡುತ್ತಿದ್ದ ಅಣ್ಣತಮ್ಮಂದಿರು ಕಾರು ಮಾಡಲು ಹೊರಟರು, ಕೆಲವು ಕಾರು ಮಾಡಿದರು, ನಾಲ್ಕನೇ ವರ್ಷ ಕಂಪನಿ ಮುಚ್ಚಿತು.

ಅರಬಾಬರ ಅಳಿಯ ನಮಗೆ ಮ್ಯಾನೇಜರು. ಓದಿ ಮುಖ ಕಿವುಚಿದ. "ಮುಚ್ಚಿತು ಅಂತ ಯಾಕೆ? ನೆಗೆಟಿವ್ ಆಗ್ತದೆ."

"ಮುಚ್ಚಿದ್ದನ್ನು ಮತ್ತೆಂತ ಹೇಳುವುದು?" ಎಂದೆ.

ಅವನು ನನ್ನ ಕೊನೆಯ ಸಾಲು ಹೊಡೆದುಹಾಕಿ, 'ಇಂದಿಗೂ ಜಗತ್ತಿನ ಮುಂಚೂಣಿಯಲ್ಲಿದೆ' ಎಂದು ಬರೆಸಿದ. ಮೂರು ತಿಂಗಳ ಕೆಲಸಕ್ಕೆ ಮೂರು ನಿಮಿಷದ ಮರ್ಯಾದೆಯೂ ಸಿಗಲಿಲ್ಲ. ಮುಂದಿನ ವಾರ ಮುಹರ್ರಕ್‌ನಿಂದ ಬಂದ ಹಿರಿಯರೊಬ್ಬರು ಬೋರ್ಡು ಓದಿ, ಈ ಕಂಪನಿಯ ಷೋರೂಮ್ ಎಲ್ಲಿದೆ, ಮಗನಿಗೆ ಒಂದು ಬುಕ್ ಮಾಡಬೇಕು ಎಂದರು. ನಾನು ಮ್ಯಾನೇಜರನ್ನೇ ನೋಡಿದೆ. ಅವನು ಟೈ ಸರಿಮಾಡಿಕೊಂಡು ಹೇಳಿದ, "ಸದ್ಯಕ್ಕೆ ಸ್ಟಾಕ್ ಇಲ್ಲ."

ಲೆಟರ್‌ಹೆಡ್

ಕಾರಿಗೆ ವಿಮೆ ಮಾಡಿಸುವ ಕೆಲಸವೂ ನನ್ನ ತಲೆಗೇ ಬಂತು. ವಿಮೆಯವರ ಆಫೀಸಿನಲ್ಲಿ ಫೋನ್ ಎತ್ತಿದವನು ಬೆಂಗಳೂರಿನವನು. ಕನ್ನಡ ಕೇಳಿ ಖುಷಿಯಾಯಿತು. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

"ಮೇಡಂ, ತಯಾರಿಸಿದ ಕಂಪನಿಯಿಂದ ಒಂದು ಲೆಟರ್ ಬೇಕಾಗುತ್ತೆ."

"ಕಂಪನಿ ಮುಚ್ಚಿ ನೂರು ವರ್ಷ ದಾಟಿತು."

"ಓಕೆ ಮೇಡಂ. ಹಾಗಾದ್ರೆ ಮುಚ್ಚಿದೆ ಅಂತ ಅವರ ಲೆಟರ್‌ಹೆಡ್‌ನಲ್ಲೇ ಬರೆಸಿ ಕಳಿಸಿಬಿಡಿ."

"ತಮ್ಮ, ಅವರೆಲ್ಲ ತೀರಿಹೋಗಿದ್ದಾರೆ."

"ಸೈನ್ ಇಲ್ಲದಿದ್ರೂ ಪರ್ವಾಗಿಲ್ಲ ಮೇಡಂ, ಸೀಲ್ ಇದ್ರೆ ಸಾಕು."

ಫೋನ್ ಇಟ್ಟು ಎರಡು ಲೋಟ ನೀರು ಕುಡಿದೆ. ಮೂರು ದಿನ ಬಿಟ್ಟು ಅವನೇ ಫೋನ್ ಮಾಡಿದ, ದನಿಯಲ್ಲಿ ಭಾರೀ ಉತ್ಸಾಹ. "ಗುಡ್ ನ್ಯೂಸ್ ಮೇಡಂ. ನಮ್ಮ ಮ್ಯಾನೇಜರ್ ಹತ್ರ ಮಾತಾಡಿ ನಿಮಗೋಸ್ಕರ ಲೆಟರ್ ಬೇಡ ಅನ್ನಿಸಿದೀನಿ. ಕಂಪನಿಯ ಸರ್ವಿಸ್ ಸೆಂಟರಲ್ಲಿ ಒಂದ್ಸಲ ಚೆಕಪ್ ಮಾಡಿಸಿದ್ರೆ ಸಾಕಂತೆ."

ಕಾಕನ ಉತ್ತರ

ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಉಳ್ಳಾಲದ ಬ್ಯಾರಿ. ನಾನು ಕಾಕ ಎನ್ನುತ್ತೇನೆ, ಅವರು ನನ್ನನ್ನು, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, ಬಾಯಿ ಎನ್ನುತ್ತಾರೆ. ಹರಿದುಹೋಗಿದ್ದ ಸೀಟಿನ ಚರ್ಮವನ್ನು ಆರು ವಾರ ಕೂತು ಕೈಯಲ್ಲೇ ಹೊಲಿದವರು ಅವರು. ಮಾತು ಕಡಿಮೆ, ಸಿಟ್ಟಿನಲ್ಲಿ ಮಾತ್ರ ನನಗೆ ಅಣ್ಣ.

ಒಂದು ಶುಕ್ರವಾರ ನಮ್ಮ ಊರಿನವರದ್ದೇ ಐದಾರು ಕುಟುಂಬ ಕಾರು ನೋಡಲು ಬಂತು. ಅವರಲ್ಲೊಬ್ಬ ದೊಡ್ಡ ಮನುಷ್ಯ, ನಮ್ಮ ಇಗರ್ಜಿಯವನೇ, ಮೈಲೇಜ್ ಎಷ್ಟು ಎಂದು ಕೇಳಿದ. ಮುಟ್ಟಬೇಡಿ ಎಂಬ ಚೀಟಿ ತೂಗುವ ಹಗ್ಗ ದಾಟಿ ಮಡ್‌ಗಾರ್ಡಿನ ಮೇಲೆ ಕೂತ. ಆಮೇಲೆ ಸೀಟಿಗೆ ಒಂದು ಪೆಟ್ಟು ಹೊಡೆದು ಹೇಳಿದ, "ಊರಲ್ಲಿ ಇಂಥದ್ದನ್ನು ಗುಜರಿಗೆ ಹಾಕ್ತಾರೆ ಮಾರಾಯ್ರೆ."

ಕಾಕ ಸ್ಪ್ಯಾನರ್ ಕೆಳಗಿಟ್ಟರು. "ಊರಲ್ಲಿ ನಿಮ್ಮನ್ನು ಎಂತ ಮಾಡ್ತಾರೆ?"

ಮುಚ್ಚಿಸಿದವರು

ಕಳೆದ ಚಳಿಗಾಲದಲ್ಲಿ ಅಮೆರಿಕದ ಮುದುಕಿಯೊಬ್ಬರು ಬಂದರು. ಇಲ್ಲಿ ಕೆಲಸದಲ್ಲಿರುವ ಮಗನನ್ನು ನೋಡಲು ಬಂದವರು. ಕಂಪನಿ ಶುರುಮಾಡಿದ ಅಣ್ಣತಮ್ಮಂದಿರಲ್ಲಿ ಹಿರಿಯನ ಮರಿಮಗಳು ತಾನು ಎಂದರು. ಅರಬಾಬ್ ಖರ್ಜೂರ, ಗಾವಾ ಕಾಫಿ ಎಲ್ಲ ತರಿಸಿದರು. ಎಂದೂ ಷೆಡ್ಡಿನ ಕಡೆ ತಲೆ ಹಾಕದ ಅವರ ಹೆಂಡತಿಯೂ ಅತಿಥಿಯನ್ನು ಮಾತಾಡಿಸಲು ಬಂದು ಕೂತರು.

ಕಂಪನಿ ಯಾಕೆ ಮುಚ್ಚಿತು ಎಂಬುದು ನನಗೆ ಯಾವ ಪತ್ರಿಕೆಯಲ್ಲೂ ಸಿಕ್ಕಿರಲಿಲ್ಲ. ಕೇಳಿದೆ. ಎಂಜಿನ್ ದೋಷವೋ, ಬಂಡವಾಳ ಸಾಲಲಿಲ್ಲವೋ?

"ಅದೆಲ್ಲ ಏನಿಲ್ಲ," ಎಂದರು ಮುದುಕಿ. "ನಾಲ್ಕು ವರ್ಷ ಮುತ್ತಜ್ಜ ಮನೆಯಲ್ಲಿ ಊಟಕ್ಕೆ ಕೂತದ್ದೇ ಕಡಿಮೆಯಂತೆ. ಕೊನೆಗೊಂದು ಭಾನುವಾರ ಹೆಂಡತಿಯನ್ನೂ ಕೂಸನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಹೊಲದ ನಡುವೆ ಕಾರು ನಿಂತಿತು. ಅವರು ಕಾರಿನ ಕೆಳಗೆ ತೂರಿ, ಐದೇ ನಿಮಿಷ ಎಂದರು. ಮೂರು ಗಂಟೆಯಾದರೂ ಹೊರಗೆ ಬರಲಿಲ್ಲ. ಮುತ್ತಜ್ಜಿ ಕೂಸನ್ನು ಎತ್ತಿಕೊಂಡು ಏಳು ಮೈಲಿ ನಡೆದು ಮನೆಗೆ ಬಂದರು. ನಾನು ಬೇಕೋ, ಕಾರು ಬೇಕೋ ಎಂದು ಕೇಳಿದರು. ಮರುದಿನ ಕಾರ್ಖಾನೆಗೆ ಬೀಗ."

ಎಂಜಿನ್ನು, ಬಂಡವಾಳ ಎಂದು ಮೂರು ತಿಂಗಳು ಹುಡುಕಿದ ನನಗೆ ನನ್ನ ಮೇಲೇ ಸಿಟ್ಟು ಬಂತು. ಒಬ್ಬ ಹೆಂಗಸಿನ ಬೇಸರವನ್ನು ಯಾವ ಪತ್ರಿಕೆಯವನು ಬರೆದಾನು?

ಅರಬಾಬರ ಹೆಂಡತಿ, ನಮ್ಮ ಮೇಡಂ, ಮುದುಕಿಯ ಕೈ ಹಿಡಿದುಕೊಂಡರು. "ನಿಮ್ಮ ಮುತ್ತಜ್ಜಿಯ ಫೋಟೋ ಇದೆಯಾ?"

ಇತ್ತು. ಮುದುಕಿಯ ಕೈಚೀಲದಲ್ಲೇ ಇತ್ತು. ಹುಬ್ಬು ಗಂಟುಹಾಕಿ, ತುಟಿ ಬಿಗಿದು, ಕ್ಯಾಮೆರಾವನ್ನೇ ಹೊಡೆಯುವ ಹಾಗೆ ನೋಡುತ್ತಿರುವ ಮುಖ.

"ಇದನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸು," ಎಂದರು ಮೇಡಂ ನನಗೆ. "ಕಾರಿನ ಹಿಂದಿನ ಗೋಡೆಗೆ ಹಾಕು." ಅರಬಾಬ್ ಏನೋ ಹೇಳಲು ಬಾಯಿ ತೆರೆದರು. ಮೇಡಂ ತಿರುಗಿ ನೋಡಿದರು. ಅರಬಾಬ್ ಆ ಬಾಯಿಗೆ ಒಂದು ಖರ್ಜೂರ ಹಾಕಿಕೊಂಡರು.

ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಈಗ ಬಂದವರ ಕಣ್ಣು ಕಾರಿಗಿಂತ ಮೊದಲು ಆ ಮುಖದ ಮೇಲೆ ಬೀಳುತ್ತದೆ. ಮೊನ್ನೆ ಒಬ್ಬರು ಬಹಳ ಭಕ್ತಿಯಿಂದ ಕೇಳಿದರು, "ಕಂಪನಿ ಸ್ಥಾಪಿಸಿದವರು ಇವರೇನಾ?"

"ಅಲ್ಲ," ಎಂದೆ. "ಮುಚ್ಚಿಸಿದವರು."