ಮ್ಯಾಲ ಹೋದ ಮಾರೆಪ್ಪ

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವಳು ನಾನೊಬ್ಬಳೇ. ಮೂರು ವರ್ಷ ಬಳಿಚಕ್ರದಿಂದ ಯಾದಗಿರಿಗೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು, ಸೂಟಿಯಲ್ಲಿ ಪರರ ಹೊಲದಲ್ಲಿ ಶೇಂಗಾ ಕಿತ್ತು ಫೀ ಕಟ್ಟಿ ಗಳಿಸಿದ ಪದವಿ ಅದು. ಹೀಗಾಗಿ ಯಾರಾದರೂ “ಒಂದೀಟು ಬರದು ಕೊಡ್ರಿ” ಎಂದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಮದುವೆಯಾಗಿ ಗೋಗಿಗೆ ಬಂದು ಎರಡು ತಿಂಗಳಾಗಿತ್ತು. ಡಿಸೆಂಬರ್ ಮೊದಲ ವಾರ ಕ್ರೈಸ್ತ ಮಿಶನ್ನಿನ ಸಿಸ್ಟರ್ ಒಬ್ಬರು ಜೀಪಿನಲ್ಲಿ ಬಂದರು. ದಕ್ಷಿಣದ ಕಡೆಯವರು, ಮಾತು ಮೆತ್ತಗೆ, ನಿಯಮ ಗಟ್ಟಿ. ಪ್ರತಿ ಕ್ರಿಸ್ಮಸ್ಸಿಗೆ ಬಡಮಕ್ಕಳಿಗೆ ಅಂಗಿ, ಕಂಬಳಿ ಹಂಚುವವರು ಈ ಸಲ ಇನ್ನೊಂದು ತಂದಿದ್ದರು: ಯಾದಗಿರಿಯ ತಮ್ಮ ಹಾಸ್ಟೆಲಿನಲ್ಲಿ ನಮ್ಮೂರಿನ ಒಬ್ಬ ಹುಡುಗಿಗೆ ಜಾಗ. ಊಟ, ಬಟ್ಟೆ, ಶಾಲೆ ಎಲ್ಲ ಅವರದೇ.

“ನೀವು ಓದಿದವರು. ಕಷ್ಟದಲ್ಲಿರೋ ಮನೆಗಳ ಅರ್ಜಿ ನೀವೇ ತುಂಬಿಕೊಡಿ. ಆದರೆ ಸುಳ್ಳು ಬರೆದರೆ ಆ ಮನೆಯ ಹೆಸರೇ ತೆಗೆದುಬಿಡ್ತೇವೆ” ಎಂದರು.

ಸುಳ್ಳು? ನಾನು? ಬಿ.ಎ.?

ಅರ್ಜಿ ಬರೆಸಲು ಕೊನೆಯಲ್ಲಿ ಬಂದವಳು ದೇವಕ್ಕ. ಹತ್ತಿ ಬಿಡಿಸುವ ಕೂಲಿ. ಸೆರಗು ಹಿಡಿದು ಮಗಳು ಮಲ್ಲಮ್ಮ ನಿಂತಿದ್ದಳು. ಮೂರನೇ ಇಯತ್ತೆ, ಲೆಕ್ಕದಲ್ಲಿ ಚುರುಕು.

“ಗಂಡ ಏನು ಮಾಡ್ತಾನ?”

“ಎಲ್ಲದಾನ್ರೀ ಅಕ್ಕೋರೆ. ದೀಪಾವಳಿ ಮುಗೀತು, ಮ್ಯಾಲ ಹೋಗ್ಯಾನ.”

ನನ್ನ ಪೆನ್ನು ನಿಂತಿತು.

“ಅಯ್ಯೋ ಪಾಪ! ಹೆಂಗಾತು?”

“ಕರಿ ಬಂತು, ಹೋದ. ನಾ ಅತ್ತು ಕರದ್ರೂ ನಿಲ್ಲಲಿಲ್ಲ. ಅಲ್ಲಿ ಚಲೋ ಅದಂತ್ರಿ, ಹೊಟ್ಟಿಗಿ ಕಡಿಮಿ ಇಲ್ಲಂತ.”

ಎಂಥ ನಂಬಿಕೆ! ಅವಳ ಹಣೆಯಲ್ಲಿ ಕುಂಕುಮ ಕಾಸಿನಗಲ ಹೊಳೆಯುತ್ತಿತ್ತು. ಗಂಡ ಸತ್ತರೂ ಕುಂಕುಮ ಅಳಿಸದ ಆಕೆಯ ಪ್ರಗತಿಪರ ಧೋರಣೆಯನ್ನು ನಾನು ಮನಸ್ಸಿನಲ್ಲೇ ಅಭಿನಂದಿಸಿದೆ. ಸಮಾಜಶಾಸ್ತ್ರ ನನ್ನ ಮುಖ್ಯ ವಿಷಯವಾಗಿತ್ತು!

“ಸಂಕ್ರಾಂತಿ ಆದ ಮ್ಯಾಲ ನಾನೂ ಹೋಗಾಕಿ” ಎಂದಳು ದೇವಕ್ಕ ತಣ್ಣಗೆ. “ಈಕಿನ್ನೂ ಕರ್ಕೊಂಡ ಹೋಗ್ತೀನಿ. ಇಲ್ಲಿ ಯಾರ ಹಂತೇಕ ಬಿಡ್ಲಿ?”

ಅರ್ಜಿಯಲ್ಲಿ ಬರೆದೆ: “ತಂದೆ ದಿವಂಗತ. ಮಾರೆಪ್ಪನವರು ಅಕಾಲ ಮರಣಕ್ಕೀಡಾಗಿ ಕುಟುಂಬವನ್ನು ಶೋಕಸಾಗರದಲ್ಲಿ ಮುಳುಗಿಸಿರುತ್ತಾರೆ. ತಾಯಿಯೂ ಮಗಳೊಂದಿಗೆ ಅದೇ ಹಾದಿ ಹಿಡಿಯುವ ಸಂಭವವಿರುತ್ತದೆ. ಅತಿ ತುರ್ತು.” ಎರಡು ಸಲ ಓದಿಕೊಂಡೆ. ಕಣ್ಣಲ್ಲಿ ನೀರು ಬಂತು. ನನ್ನ ಬರವಣಿಗೆಗೇ!

ಕ್ರಿಸ್ಮಸ್ಸಿಗೆ ಎರಡು ದಿನವಿರುವಾಗ ಶಾಲೆಯ ಅಂಗಳದಲ್ಲಿ ಕಾರ್ಯಕ್ರಮ. ಜಾಗ ಯಾರಿಗೆಂದು ಅಲ್ಲೇ ಹೇಳುವವರಿದ್ದರು. ಮುಂಜಾನೆ ನಾನು ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ನಮ್ಮ ಹಿಟ್ಟಿನ ಗಿರಣಿಯಿಂದ ನನ್ನ ಗಂಡ ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡು ಬಂದರು.

“ದೇವಕ್ಕನ ಗಂಡ ಮಾರೆಪ್ಪ ಬಂದಾನ. ಜ್ವಾಳ ಬೀಸಾಕ ಇಟ್ಟು ಹೋದ.”

“ಯಾರು?”

“ಮಾರೆಪ್ಪ.”

“ಎಲ್ಲಿಂದ?”

“ಮ್ಯಾಲಿಂದ.”

ಸೀರೆ ಸುಟ್ಟ ವಾಸನೆ ಬಂತು.

“ಮ್ಯಾಲ ಅಂದ್ರ... ಎಲ್ಲಿ?” ಎಂದೆ ಕ್ಷೀಣ ದನಿಯಲ್ಲಿ.

“ಮ್ಯಾಲ ಅಂದ್ರ ಮ್ಯಾಲ! ನಾರಾಯಣಪುರದ ಕಡೆ. ಕಾಲುವಿ ಎಲ್ಲಿ ಸುರು ಆಗ್ತದ ಅದು ಮ್ಯಾಲ, ಎಲ್ಲಿ ಮುಗೀತದ ಅದು ಕೆಳಗ. ಕಾಲುವಿಗಿ ಕಲ್ಲು ಕಟ್ಟೋ ಕೆಲ್ಸಕ್ಕ ಹೋಗಿದ್ದ. ನಿಮ್ಮ ಬಳಿಚಕ್ರದಾಗ ಏನಂತಾರ?”

ನಮ್ಮ ಬಳಿಚಕ್ರದಲ್ಲಿ ಕಾಲುವೆಯೇ ಇಲ್ಲ! ಮಳೆ ನಂಬಿದ ಊರು. ನಮ್ಮಲ್ಲಿ ಮೇಲೆ ಹೋದವನು ಇಳಿದು ಬಂದು ಜೋಳ ಬೀಸಿಸುವುದಿಲ್ಲ!

ಓಡಿದೆ. ಸಿಸ್ಟರಿಗೆ ನಿಜ ಹೇಳುವುದೇ ಸರಿಯಾದ ದಾರಿ ಎಂದು ಮನಸ್ಸು ಹೇಳಿತು. ಆದರೆ ಹೇಳಿದರೆ ಮಲ್ಲಮ್ಮನ ಹೆಸರು ಹೋಗುತ್ತದೆ, ನನ್ನ ಬಿ.ಎ. ಮಾನವೂ ಹೋಗುತ್ತದೆ. ಕಾಲುಗಳು ತಾವಾಗಿಯೇ ದೇವಕ್ಕನ ಮನೆಯತ್ತ ತಿರುಗಿದವು. ಅವಳು ಮಗಳನ್ನು ಕರೆದುಕೊಂಡು ಆಗಲೇ ಶಾಲೆಗೆ ಹೋಗಿದ್ದಳು. ಮಾರೆಪ್ಪ ಅಂಗಳದಲ್ಲಿ ಕುಳಿತು ಗಡ್ಡ ಹೆರೆದುಕೊಳ್ಳುತ್ತಿದ್ದ. ಸತ್ತವನ ಲಕ್ಷಣ ಒಂದೂ ಇರಲಿಲ್ಲ.

“ಅಣ್ಣಾ, ಇವತ್ತೊಂದಿನ ಹೊರಗ ಬರಬ್ಯಾಡ್ರಿ.”

“ಯಾಕ್ರಿ ಅಕ್ಕೋರೆ?”

“ಗಾಳಿ... ಚಲೋ ಇಲ್ಲ.”

ಅವನು ಆಕಾಶ ನೋಡಿದ. ಎಲೆ ಅಲುಗುತ್ತಿರಲಿಲ್ಲ. “ಆಗ್ಲಿ ಬಿಡ್ರಿ” ಎಂದ.

ಒಬ್ಬ ಜೀವಂತ ಮನುಷ್ಯನನ್ನು ಸಂಜೆಯವರೆಗೆ ಸತ್ತೇ ಇರಲು ಒಪ್ಪಿಸಿದ ತೃಪ್ತಿಯಿಂದ ನಾನು ಶಾಲೆಗೆ ಹೋದೆ.

ಮಕ್ಕಳು ಹಾಡಿದರು. ಕಂಬಳಿ ಹಂಚಿದರು. ಸಿಸ್ಟರ್ ಕಾಗದ ತೆಗೆದರು. ನನ್ನ ಅಕ್ಷರ ದೂರದಿಂದಲೇ ಗುರುತಾಯಿತು. ಎದೆ ಗಿರಣಿಯ ಪಟ್ಟಿಯಂತೆ ಹೊಡೆದುಕೊಳ್ಳತೊಡಗಿತು.

“ಒಂದು ಅರ್ಜಿ ಓದಿ ನನಗೆ ನಿದ್ದೆ ಬರಲಿಲ್ಲ” ಎಂದರು ಸಿಸ್ಟರ್. “ಹೆಸರು ಹೇಳುವ ಮುಂಚೆ, ತೀರಿಹೋದ ಮಾರೆಪ್ಪನವರ ಆತ್ಮಶಾಂತಿಗಾಗಿ ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲೋಣ.”

ಊರೆಲ್ಲ ಎದ್ದು ನಿಂತಿತು. ಹಿಂದುಗಡೆ ಬೇವಿನ ಮರದ ಕೆಳಗೆ ಒಬ್ಬ ಹೊಸದಾಗಿ ಗಡ್ಡ ಹೆರೆದವನು ರುಮಾಲು ತೆಗೆದು, ತಲೆ ಬಗ್ಗಿಸಿ, ಎಲ್ಲರಿಗಿಂತ ಭಕ್ತಿಯಿಂದ ನಿಂತಿದ್ದ. ಮಗಳ ಹಾಡು ಕೇಳದೆ ಇರಲಾರದೆ ಬಂದುಬಿಟ್ಟಿದ್ದ!

“ಯಾವ ಮಾರೆಪ್ಪೋ? ಪಾಪ, ಸಣ್ಣವ ಇದ್ದನೇನು?” ಎಂದು ಪಕ್ಕದ ಮುದುಕನನ್ನು ಕೇಳಿದ.

ಮುದುಕ ಅವನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದ. “ಊರಾಗ ಇರಾಂವ ಒಬ್ಬನ ಮಾರೆಪ್ಪ. ನೀನ ಅದೀಯಲ್ಲೋ!”

“ಯವ್ವಾ!” ಎಂದು ದೇವಕ್ಕ ಹಣೆಯ ಕುಂಕುಮ ಮುಚ್ಚಿಕೊಂಡು ಚೀರಿದಳು. “ನನ್ನ ಗಂಡ ಅಲ್ಲೇ ನಿಂತಾನಲ್ರೀ! ಯಾವ ಬಾಯಿ ಸತ್ತಾನಂತ ಅಂದದ್ದು?”

ಸಿಸ್ಟರ್ ಅವರ ಮುಖ ಕಲ್ಲಾಯಿತು. “ಸುಳ್ಳು ಅರ್ಜಿ” ಎಂದು ಕಾಗದವನ್ನು ಮಡಚತೊಡಗಿದರು. ಒಂದು ಮಡಿಕೆ. ಎರಡನೇ ಮಡಿಕೆ. ಮಲ್ಲಮ್ಮ ಹೊದ್ದಿದ್ದ ಹೊಸ ಕಂಬಳಿ ತೆಗೆದು ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಟ್ಟಳು. ವಾಪಸ್ ಕೊಡೆಂದು ಯಾರೂ ಕೇಳಿರಲಿಲ್ಲ.

ಅದನ್ನು ನೋಡಲಾಗಲಿಲ್ಲ.

“ಆ ಬಾಯಿ ನಂದೇ!” ಎಂದು ಕೂಗಿದೆ. ಊರು ತಿರುಗಿತು. ಮ್ಯಾಲ, ಕೆಳಗ, ಕಾಲುವೆ, ಸಂಕ್ರಾಂತಿ, ಬಳಿಚಕ್ರ ಎಲ್ಲವನ್ನೂ ತೊದಲುತ್ತ ಹೇಳಿದೆ. ಮೊದಲು ನಕ್ಕವನು ಸತ್ತವನೇ. ಆಮೇಲೆ ಊರೆಲ್ಲ. ನನ್ನ ಗಂಡ ನಗಲಿಲ್ಲ. ಹುಬ್ಬಿನ ಹಿಟ್ಟು ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡಿದ್ದರು.

ಸಿಸ್ಟರ್ ಮಾತ್ರ ದೇವಕ್ಕನನ್ನೇ ನೋಡುತ್ತಿದ್ದರು. “ಸಂಕ್ರಾಂತಿ ನಂತರ ನೀವೂ ಹೋಗೋದು ನಿಜವಾ?”

“ಹೌದ್ರಿ. ಇಬ್ರೂ ದುಡದ್ರ ಹೊಟ್ಟಿ ತುಂಬ್ತದ.”

“ಅಲ್ಲಿ ಶಾಲೆ ಇದೆಯಾ?”

“ಕಲ್ಲು ಅವ್ರಿ. ಸಾಲಿ ಎಲ್ಲಿಂದ ಬರ್ತದ?”

ಸಿಸ್ಟರ್ ಮಡಚಿದ ಕಾಗದ ಬಿಚ್ಚಿ, ಹರಿದು, ಕಂಬಳಿಯನ್ನು ತಾವೇ ಮಲ್ಲಮ್ಮನಿಗೆ ಹೊದಿಸಿದರು. “ನಮ್ಮ ಹಾಸ್ಟೆಲು ತಂದೆ ಇಲ್ಲದವರಿಗೆ ಮಾತ್ರ ಅಂತ ನಾನು ಹೇಳಿಯೇ ಇರಲಿಲ್ಲ. ಓದು ನಿಂತುಹೋಗೋ ಮಗುವಿಗೆ ಅದು. ಜಾಗ ಇವಳದ್ದೇ.”

ಅಂದರೆ ಮಾರೆಪ್ಪ ಸಾಯುವ ಅಗತ್ಯವೇ ಇರಲಿಲ್ಲ! ಸುಮ್ಮನೆ ಕೊಂದಿದ್ದೆ!

“ಹೊಸ ಅರ್ಜಿ ಬರೆಯಬೇಕು” ಎಂದರು ಸಿಸ್ಟರ್. ನನ್ನ ಬೆನ್ನು ನೆಟ್ಟಗಾಯಿತು. ಪೆನ್ನಿನ ಟೊಪ್ಪಿಗೆ ತೆಗೆದೆ.

“ಬ್ಯಾಡ್ರಿ ಅಕ್ಕೋರೆ!” ಗಂಡ-ಹೆಂಡತಿ ಒಟ್ಟಿಗೆ ಕೂಗಿದರು. ದೇವಕ್ಕ ನನ್ನ ಕೈಯಿಂದ ಪೆನ್ನು ಕಸಿದು ಮಗಳಿಗೆ ಕೊಟ್ಟಳು.

ಮಲ್ಲಮ್ಮ ಮೇಜಿಗೆ ಎದೆ ಒತ್ತಿ, ನಾಲಿಗೆ ಹೊರಗಿಟ್ಟು, ಒಂದೊಂದೇ ಅಕ್ಷರ ಕೊರೆದು ತಂದೆಯ ಕಾಲಮ್ಮಿನಲ್ಲಿ ಬರೆದಳು: “ಅಪ್ಪ ಅದಾನ.”

ಸಿಸ್ಟರ್ ಓದಿ, “ಸ್ಪಷ್ಟವಾಗಿದೆ” ಎಂದರು. ಮೂರು ವರ್ಷದ ಕಾಲೇಜಿನಲ್ಲಿ ಯಾರೂ ನನ್ನ ಬರವಣಿಗೆಗೆ ಹಾಗೆ ಅಂದಿರಲಿಲ್ಲ.

ಆಗ ನಿಜವಾಗಿಯೂ ಗಾಳಿ ಬೀಸಿತು.

“ಅಕ್ಕೋರೆ, ಹಾಳಿ ಹಾರಾಕತ್ತದ. ಒಂದೀಟು ಹಿಡಕೋರಿ” ಎಂದಳು ಮಲ್ಲಮ್ಮ, ತಲೆ ಎತ್ತದೆ.

ಎರಡೂ ಕೈಯಿಂದ ಹಿಡಿದುಕೊಂಡೆ. ಅದೊಂದನ್ನು ಮಾತ್ರ ತಪ್ಪಿಲ್ಲದೆ ಮಾಡಿದೆ!